ಅಂಬಾಸಿಡರ್‌ಗೆ ಉಸಿರು ಕಟ್ಟಿದಾಗ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮಾಮಾನ ಅಂಬಾಸಿಡರ್ ಇನ್ನೇನು ಗುಜರಿಗೆ ಹೋಗೋದರಲ್ಲಿತ್ತು. ಅದು ಮುತ್ಯಾ ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಗಾಡಿ. 1991ರ ನೋವಾ, ಪೆಟ್ರೋಲ್, ಕೆಎ-32. ಆಳಂದದ ಹತ್ತಿರದ ನಮ್ಮೂರಿಂದ ಹುಣ್ಣಿಮೆಗೊಮ್ಮೆ ಗಾಣಗಾಪುರಕ್ಕೆ ಹೋಗೋದು, ಮದುವೆ ಇದ್ದರೆ ಹೂವು ಕಟ್ಟಿಸ್ಕೊಂಡು ನಿಲ್ಲೋದು, ಇಷ್ಟೇ ಅದರ ಕೆಲಸ. ಮೇ ತಿಂಗಳಲ್ಲಿ ಎಲ್ಲರೂ ಗಾಣಗಾಪುರಕ್ಕೆ ಹೊರಟಿದ್ವಿ. ಸಂಗಮದ ದಾರಿಯಲ್ಲಿ ಗಾಡಿಗಳ ಸಾಲು ನಿಂತಿತ್ತು, ಎಂಜಿನ್ ಆನ್ ಇತ್ತು, ಹೊರಗೆ 43 ಡಿಗ್ರಿ. ಗೇರ್ ಲಿವರ್ ಬುಡದಿಂದ ಸಣ್ಣಗೆ ಹೊಗೆ ಒಳಗೆ ಬರೋಕೆ ಶುರುವಾಯ್ತು. ಸುಟ್ಟ ಎಣ್ಣೆಯ ವಾಸನೆ. ಅತ್ತಿ ಸೆರಗು ಮೂಗಿಗೆ ಹಿಡಿದು ಕೂತರು. ವಾಪಸ್ ಬರುವಾಗ ಏರಿನಲ್ಲಿ ಇನ್ನೊಂದು ತೊಂದರೆ: ಎಂಜಿನ್ ಜೋರಾಗಿ ಕೂಗ್ತದೆ, ಗಾಡಿ ಮಾತ್ರ ಏರ್ತಿಲ್ಲ. ಕ್ಲಚ್ ಜಾರ್ತಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದ ಕೆಳಗೆ ನೆಲದ ಮೇಲೆ ಎಣ್ಣೆ, ಊಟದ ತಟ್ಟೆಯಷ್ಟು ಅಗಲ.

ಅಫಜಲಪುರದಲ್ಲಿ ನಮ್ಮ ಕಾಯಂ ಉಸ್ತಾದರ ಹತ್ತಿರ ತಗೊಂಡು ಹೋದ್ವಿ. ಅವರು ಎಂಜಿನ್ ಸ್ಟಾರ್ಟ್ ಮಾಡ್ಸಿ, ಎಣ್ಣೆ ಹಾಕುವ ಮುಚ್ಚಳ ತೆಗೆದು, ತೂತಿನ ಮೇಲೆ ಅಂಗೈ ಇಟ್ಟರು. ಭುಸ್ ಭುಸ್ ಅಂತ ಬಿಸಿ ಗಾಳಿ.

"ಬ್ಯಾಕ್ ಕಂಪ್ರೆಷನ್ ಹೊಡಿಲಾಕತ್ತದ ನೋಡ್ರಿ ಸಾವಕಾರ್ರ. ಎಂಜಿನ್ ಬೋರ್ ಮಾಡಸ್ಬೇಕ್ರಿ," ಅಂದರು.

ಬೋರ್, ಪಿಸ್ಟನ್, ರಿಂಗ್, ಕ್ಲಚ್ ಎಲ್ಲಾ ಸೇರಿಸಿ ಅವರು ಹೇಳಿದ ಮೊತ್ತ ಕೇಳಿ ಮಾಮಾ ಸುಮ್ಮನಾದ. ರಿಜಿಸ್ಟ್ರೇಷನ್ ನವೀಕರಣಕ್ಕೆ ಎರಡು ತಿಂಗಳು ಉಳಿದಿತ್ತು. "ಇಷ್ಟ್ ರೊಕ್ಕ ಹಾಕೋದಕಿಂತ ಗುಜರಿಗಿ ಹಾಕೋದು ಛಲೋ," ಅಂದ. ಮುತ್ಯಾ ಏನೂ ಮಾತಾಡಲಿಲ್ಲ. ನನಗೆ ತಡೀಲಿಲ್ಲ. "ಒಂದ್ ವಾರ ಕೊಡ್ರಿ ಮಾಮಾ, ನಾ ನೋಡ್ತೀನಿ," ಅಂದುಬಿಟ್ಟೆ. ಮೆಕ್ಯಾನಿಕಲ್ ಎರಡನೇ ವರ್ಷ. ಆಟೋ ಸೈಕಲ್ಲಿನ ಪಿ-ವಿ ಡಯಾಗ್ರಾಮ್ ನಿದ್ದೆಯಲ್ಲೂ ಬರೀತೀನಿ, ಆದರೆ ನಿಜವಾದ ಎಂಜಿನ್ನಿನ ಒಂದು ಬೋಲ್ಟ್ ಕೂಡ ಅಲ್ಲಿಯವರೆಗೆ ಬಿಚ್ಚಿರಲಿಲ್ಲ.

ಬ್ಯಾಕ್ ಕಂಪ್ರೆಷನ್ ಅಂತ ಗ್ಯಾರೇಜಿನವರು ಹೇಳೋದಕ್ಕೆ ನಮ್ಮ ಪುಸ್ತಕದಲ್ಲಿ ಬ್ಲೋ-ಬೈ ಅಂತಾರೆ. ಪಿ-ವಿ ಡಯಾಗ್ರಾಮಿನಲ್ಲಿ ಸಿಲಿಂಡರ್ ಅಂದ್ರೆ ಎಲ್ಲಾ ಕಡೆ ಬಂದಾದ ಡಬ್ಬಿ. ನಿಜದಲ್ಲಿ ಹಾಗಿಲ್ಲ. ಪಿಸ್ಟನ್ ರಿಂಗಿಗೆ ಒಂದು ಬಾಯಿ ಇರ್ತದೆ, ಬಿಸಿಗೆ ಹಿಗ್ಗೋಕೆ ಅಂತ ಬಿಟ್ಟ ಸಂದು. ಸಿಲಿಂಡರ್ ಒಳಗೆ ಪೆಟ್ರೋಲ್ ಉರಿದಾಗ ಒತ್ತಡದ ಗ್ಯಾಸ್ ಸ್ವಲ್ಪ ಆ ಸಂದಿನಿಂದ ಕೆಳಗೆ ನುಸುಳ್ತದೆ. ಹೊಸ ಎಂಜಿನ್ನಲ್ಲೂ ನುಸುಳ್ತದೆ, ಹಳೇದರಲ್ಲಿ ಜಾಸ್ತಿ. ಕೆಳಗೆ ಇರೋದು ಕ್ರ್ಯಾಂಕ್‌ಕೇಸ್: ಕ್ರ್ಯಾಂಕ್ ಶಾಫ್ಟ್ ತಿರುಗುವ, ಎಣ್ಣೆ ಸಿಡಿಯುವ ಕೋಣೆ. ಅಲ್ಲಿಗೆ ಬಂದ ಗ್ಯಾಸು ಹೊರಗೆ ಹೋಗಲೇಬೇಕು. ದಾರಿ ಕೊಟ್ಟರೆ ದಾರಿಯಿಂದ ಹೋಗ್ತದೆ. ಕೊಡದಿದ್ದರೆ ಗ್ಯಾಸ್ಕೆಟ್, ಸೀಲು, ಡಿಪ್‌ಸ್ಟಿಕ್ ತೂತು, ಎಲ್ಲಿ ಸಂದು ಸಿಗ್ತದೋ ಅಲ್ಲಿಂದ ಹೋಗ್ತದೆ, ಹೋಗುವಾಗ ಎಣ್ಣೆಯನ್ನೂ ಜೊತೆಗೆ ಕರ್ಕೊಂಡು ಹೋಗ್ತದೆ.

ಆ ಗ್ಯಾಸಿನಲ್ಲಿ ಹೊಗೆ ಮಾತ್ರ ಇರೋದಿಲ್ಲ. ಉರಿಯದ ಪೆಟ್ರೋಲ್ ಆವಿ ಇದೆ, ನೀರಿನ ಆವಿ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ತದೆ ಅನ್ನೋದು ನನಗೆ ಮೊದಲು ನಂಬೋಕೇ ಆಗಲಿಲ್ಲ. ಸಮೀಕರಣ ಬ್ಯಾಲೆನ್ಸ್ ಮಾಡಿ ನೋಡಿ, ಸರಿಯಾಗೇ ಬರ್ತದೆ. ಅದರ ಬಹುಪಾಲು ಸೈಲೆನ್ಸರಿಂದ ಹೋಗ್ತದೆ, ಸ್ವಲ್ಪ ಕೆಳಗೆ ಇಳಿದು ಎಣ್ಣೆ ಜೊತೆ ಸೇರಿ ಮೊಸರಿನಂಥ ಗಸಿ ಆಗ್ತದೆ. ಎಣ್ಣೆ ಮುಚ್ಚಳದ ಒಳಗೆ ಹಳದಿ-ಬಿಳಿ ಲೇಪ ನೋಡಿದ್ದೀರಲ್ಲ, ಅದೇ.

ಈಗ ಒಂದು ಸಂಬಂಧದ ಕಥೆ. ಅಂಬಾಸಿಡರ್ ಅಂದ್ರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರು, ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದದ್ದು. ಇದು ಬಹಳ ಜನಕ್ಕೆ ಗೊತ್ತು. ನನಗೆ ಗೊತ್ತಿರದಿದ್ದದ್ದು ಅದರ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಮನೆತನ. ಆಸ್ಟಿನ್ ಮತ್ತು ಮಾರಿಸ್ ಕಂಪನಿಗಳು 1952ರಲ್ಲಿ ಒಂದಾಗಿ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ ಆಯ್ತು. ಅದರ ಬಿ-ಸೀರೀಸ್ ಎಂಜಿನ್ ಇದು. 73 ಮಿಮೀ ಬೋರ್, 88.9 ಮಿಮೀ ಸ್ಟ್ರೋಕ್. 1955ರಲ್ಲಿ ಬಂದ ಎಂಜಿಎ ಅನ್ನೋ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನಲ್ಲಿ ಇದ್ದದ್ದೂ ಇದೇ 1489 ಸಿಸಿ. ಬೋರ್ ದೊಡ್ಡದು ಮಾಡಿ 1798 ಸಿಸಿ ಆದಾಗ 1962ರ ಎಂಜಿಬಿಗೆ ಹೋಯ್ತು. ಎಂಜಿಬಿ ಅಂದ್ರೆ ಐದು ಲಕ್ಷಕ್ಕಿಂತ ಜಾಸ್ತಿ ಮಾರಾಟವಾದ, ಇವತ್ತಿಗೂ ಜನ ಮಕ್ಕಳ ಹಾಗೆ ಸಾಕುವ ಕ್ಲಾಸಿಕ್ ಕಾರು. ಅಂದ್ರೆ ನಮ್ಮ ಮುತ್ಯಾನ ಗಾಡಿ ಎಂಜಿಬಿಯ ಸ್ವಂತ ದಾಯಾದಿ! ಎಂಜಿಬಿ ಇಟ್ಟವರಿಗೆ ಇದ್ದ ದೊಡ್ಡ ತಲೆನೋವು ಕೂಡ ಇದೇ, ಎಂಜಿನ್ ಹಿಂಭಾಗದಿಂದ ಎಣ್ಣೆ ಸೋರೋದು. ಅವರು ಮಾಡಿಕೊಂಡ ಉಪಾಯಗಳೇ ನನ್ನ ಪಠ್ಯಪುಸ್ತಕ ಆದವು.

ಹಿಂಭಾಗದಿಂದಲೇ ಯಾಕೆ ಸೋರ್ತದೆ? ಇಲ್ಲಿ ಸ್ವಲ್ಪ ನಿಲ್ಲಬೇಕು, ಇದು ನನಗೆ ಇಡೀ ಎಂಜಿನ್ನಲ್ಲೇ ಭಾಳ ಇಷ್ಟವಾದ ಭಾಗ. ಈಗಿನ ಎಂಜಿನ್ನಲ್ಲಿ ಕ್ರ್ಯಾಂಕ್ ಶಾಫ್ಟ್ ಹೊರಗೆ ಬರುವ ಜಾಗದಲ್ಲಿ ರಬ್ಬರ್ ತುಟಿಯ ಸೀಲ್ ಇರ್ತದೆ. ಎಂಜಿಬಿಗೂ 1964ರ ಕೊನೆಗೆ ಐದು ಬೇರಿಂಗಿನ ಎಂಜಿನ್ ಬಂದಾಗ ಅಂಥದ್ದು ಬಂತು. ಅದಕ್ಕೂ ಹಿಂದಿನ ಮೂರು ಬೇರಿಂಗಿನ ಎಂಜಿನ್ನಲ್ಲಿ, ನಮ್ಮದೂ ಅದೇ ಜಾತಿ, ಸೀಲೇ ಇಲ್ಲ. ಬದಲಿಗೆ ಶಾಫ್ಟಿನ ಮೇಲೆ ಸ್ಕ್ರೂ ಹಾಗೆ ಸುರುಳಿ ಗಾಡಿ ಕೊರೆದಿದ್ದಾರೆ. ಶಾಫ್ಟ್ ತಿರುಗುವಾಗ ಹೊರಗೆ ಹೊರಟ ಎಣ್ಣೆಯನ್ನು ಆ ಸುರುಳಿ ಒಳಗೇ ತಿರುಪಿ ಕಳಿಸ್ತದೆ. ಯಾವುದೂ ಯಾವುದಕ್ಕೂ ತಾಗೋದಿಲ್ಲ, ಸವೆಯೋದಿಲ್ಲ, ಬದಲಿಸೋ ಖರ್ಚಿಲ್ಲ. ಎಷ್ಟು ಚೆಂದದ ಯೋಚನೆ! ಆದರೆ ಒಂದು ಷರತ್ತು. ಒಳಗಿನ ಒತ್ತಡ ಹೊರಗಿನದ್ದಕ್ಕಿಂತ ಜಾಸ್ತಿ ಆಗಬಾರದು. ಆಯ್ತೋ, ಸುರುಳಿ ಒಳಗೆ ತಳ್ಳೋದಕ್ಕಿಂತ ಗಾಳಿ ಹೊರಗೆ ತಳ್ಳೋದು ಜೋರಾಗ್ತದೆ. ಎಣ್ಣೆ ನೇರ ಕ್ಲಚ್ ಮೇಲೆ. ಗಾಣಗಾಪುರದ ಏರಿನಲ್ಲಿ ನಡೆದದ್ದು ಅದು.

ಹಾಗಾದ್ರೆ ಆ ಒತ್ತಡ ಎಷ್ಟು? ಲೆಕ್ಕ ಹಾಕೋಣ, ಕಷ್ಟವಿಲ್ಲ. 1489 ಸಿಸಿ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ, ನಾಲ್ಕು ಸ್ಟ್ರೋಕ್ ಆದ್ದರಿಂದ 1500 ಸಲ ಪೂರ್ತಿ ಉಸಿರು ಎಳೀತದೆ. ಸಿಲಿಂಡರ್ 80 ಶೇಕಡಾ ತುಂಬ್ತದೆ ಅಂತ ಇಟ್ಟುಕೊಂಡರೆ ನಿಮಿಷಕ್ಕೆ ಸುಮಾರು 1790 ಲೀಟರ್ ಗಾಳಿ. ಅದರಲ್ಲಿ ಒಂದು ಶೇಕಡಾ ಕೆಳಗೆ ನುಸುಳಿದರೆ 18 ಲೀಟರ್, ಅಂದ್ರೆ ನಮ್ಮ ಹಾಸ್ಟೆಲ್ಲಿನ ಒಂದು ವಾಟರ್ ಕ್ಯಾನ್‌ಗೆ ಹತ್ತಿರ. ಸವೆದ ಎಂಜಿನ್ ಅಂತ ನಾಲ್ಕು ಶೇಕಡಾ ಇಟ್ಟುಕೊಂಡರೆ 70 ಲೀಟರ್, ನಿಮಿಷಕ್ಕೆ ಮೂರೂವರೆ ಕ್ಯಾನ್. ಈ 70 ಲೀಟರ್ 20 ಮಿಮೀ ಪೈಪಿನಿಂದ ಹೋಗಬೇಕಾದರೆ ವೇಗ ಸೆಕೆಂಡಿಗೆ 3.7 ಮೀಟರ್. ಅದಕ್ಕೆ ಬೇಕಾದ ಒತ್ತಡ ಬರೀ 8 ಪಾಸ್ಕಲ್, ಲೆಕ್ಕಕ್ಕೇ ಇಲ್ಲ. ಅದೇ ಪೈಪಿನಲ್ಲಿ ಗಸಿ ಕಟ್ಟಿ ದಾರಿ 6 ಮಿಮೀ ಉಳೀತು ಅಂದುಕೊಳ್ಳಿ. ವೇಗ 41 ಮೀಟರ್, ಒತ್ತಡ ಸಾವಿರ ಪಾಸ್ಕಲ್ ದಾಟ್ತದೆ. ಪೈಪಿನ ಘರ್ಷಣೆ ಎಲ್ಲಾ ಬಿಟ್ಟು ಹಾಕಿದ ಒರಟು ಲೆಕ್ಕ ಇದು, ಆದರೂ ನೋಡಿ: ಒತ್ತಡ ವ್ಯಾಸದ ನಾಲ್ಕನೇ ಘಾತದ ಮೇಲೆ ಹೋಗ್ತದೆ. ವ್ಯಾಸ ಮೂರು ಪಟ್ಟು ಚಿಲ್ಲರೆ ಕಡಿಮೆಯಾದರೆ ಒತ್ತಡ ನೂರು ಪಟ್ಟಿಗೂ ಜಾಸ್ತಿ. ಎಂಜಿನ್ ಸವೆತದಿಂದ ಗ್ಯಾಸು ನಾಲ್ಕು ಪಟ್ಟಾಗಿದ್ದರೆ ಒತ್ತಡ ಹದಿನಾರು ಪಟ್ಟು, ಪೈಪು ಕಟ್ಟಿದ್ದರೆ ನೂರಿಪ್ಪತ್ತು ಪಟ್ಟು. ಇದು ಕಂಡ ಮೇಲೆ ನನಗೆ ಧೈರ್ಯ ಬಂತು. ಬೋರ್ ಮಾಡಿಸೋಕೆ ಮೊದಲು ಪೈಪು ನೋಡಬೇಕು.

ನೋಡೋಕೂ ಮೊದಲು ಅಳೀಬೇಕು. ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನಲ್ಲಿ ಯು-ಟ್ಯೂಬ್ ಮ್ಯಾನೋಮೀಟರ್ ಬಗ್ಗೆ ರೆಕಾರ್ಡ್ ಬರೆದಿದ್ದೆ, ಯಾಕೆ ಅಂತ ಕೇಳಿರಲಿಲ್ಲ. ಎರಡು ಮೀಟರ್ ಪಾರದರ್ಶಕ ಪೈಪ್, ಹಾರ್ಡ್‌ವೇರ್ ಅಂಗಡಿಯದ್ದು. ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧ ನೀರು, ಕಾಣಲಿ ಅಂತ ಒಂದು ಚಿಟಿಕೆ ಕುಂಕುಮ. ಒಂದು ತುದಿ ಡಿಪ್‌ಸ್ಟಿಕ್ ತೂತಿಗೆ ಬಿಗಿಯಾಗಿ, ಇನ್ನೊಂದು ತುದಿ ಗಾಳಿಗೆ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ಒತ್ತಡ. ಒಂದು ಕಡೆ ಏರಿದ್ದು ಮಾತ್ರ ಅಲ್ಲ. ಮೊದಲ ಸಲ ನಾನು ಅದೇ ತಪ್ಪು ಮಾಡಿ ಅರ್ಧ ಓದಿದ್ದೆ. ಹತ್ತು ಪಾಸ್ಕಲ್ ಅಂದ್ರೆ ಹೆಚ್ಚುಕಮ್ಮಿ ಒಂದು ಮಿಮೀ ನೀರು.

ಐಡ್ಲಿಂಗಿನಲ್ಲಿ ಒಂದು ಬೆರಳು ವ್ಯತ್ಯಾಸ ಬಂತು. ಮಾಮಾ ಆಕ್ಸಿಲರೇಟರ್ ಒತ್ತಿದ ಹಾಗೆ ಏರ್ತಾ ಏರ್ತಾ ನಾಲ್ಕು ಬೆರಳು ದಾಟಿತು. ಮುತ್ಯಾ ಕಟ್ಟೆಯಿಂದ ಎದ್ದು ಬಂದು ಕೆಂಪು ನೀರು ನೋಡಿದರು. "ಬಿ.ಪಿ. ಹಚ್ಚಿ ಏನ್ಲೇ ಗಾಡಿಗಿ?" ಅಂದರು. ಹೂಂ ಅಂದೆ. ಅದಕ್ಕಿಂತ ಚೆನ್ನಾಗಿ ನನಗೂ ಹೇಳೋಕೆ ಬರ್ತಿರಲಿಲ್ಲ.

ಈ ಎಂಜಿನ್ನಿಗೆ ಕಂಪನಿಯವರು ಕೊಟ್ಟ ಉಸಿರಿನ ದಾರಿ ಎರಡು. ಮೇಲೆ ರಾಕರ್ ಕವರಿಂದ ಏರ್ ಕ್ಲೀನರಿಗೆ ಒಂದು ರಬ್ಬರ್ ಪೈಪು. ಬದಿಯಲ್ಲಿ, ಟ್ಯಾಪೆಟ್ ಕೋಣೆಯ ಮುಚ್ಚಳದಿಂದ ಕೆಳಗೆ ರಸ್ತೆ ಕಡೆ ಇಳಿಯುವ ಕಬ್ಬಿಣದ ಕೊಳವೆ. ಈ ಕೊಳವೆಯದ್ದೊಂದು ಹಳೆ ಕಾಲದ ಜಾಣತನ: ಗಾಡಿ ಓಡುವಾಗ ಕೆಳಗೆ ಬೀಸುವ ಗಾಳಿ ಅದರ ತುದಿಯಲ್ಲಿ ಸ್ವಲ್ಪ ಎಳೆತ ಹುಟ್ಟಿಸ್ತದೆ, ಒಳಗಿನ ಗ್ಯಾಸು ಹೊರಗೆ ಬರ್ತದೆ. ಎಷ್ಟು ಎಳೆತ? ಗಂಟೆಗೆ 60 ಕಿಮೀ ಗಾಳಿಯ ಡೈನಾಮಿಕ್ ಒತ್ತಡವೇ 167 ಪಾಸ್ಕಲ್, ಅಂದ್ರೆ ಒಂದು ಬೆರಳು ನೀರು. ಎಳೆತ ಅದರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ನಿಂತ ಗಾಡಿಗೆ ಸೊನ್ನೆ. ಅದಕ್ಕೇ ಸಾಲಿನಲ್ಲಿ ನಿಂತಾಗ ಹೊಗೆ ಒಳಗೆ ಬಂದದ್ದು, ಓಡುವಾಗ ಅಷ್ಟು ಇರಲಿಲ್ಲ.

ಬಿಚ್ಚಿ ನೋಡಿದರೆ ಎರಡೂ ದಾರಿ ಬಂದ್. ಮೇಲಿನ ಪೈಪು ಬಿಸಿಗೆ ಗಟ್ಟಿಯಾಗಿ, ಒಳಪದರ ಕಿತ್ತು ಮಡಚಿಕೊಂಡಿತ್ತು. ಟ್ಯಾಪೆಟ್ ಮುಚ್ಚಳದೊಳಗಿನ ತಂತಿ ಜಾಲರಿಯಲ್ಲಿ ಕಪ್ಪು ಗಸಿ, ಅಂಗಳದಲ್ಲಿ ಹಚ್ಚುವ ಡಾಂಬರಿನ ಹಾಗೆ. ಕೆಳಗಿನ ಕೊಳವೆಗೆ ಯಾರೋ ಹಿಂದೆ ರಬ್ಬರ್ ಪೈಪು ಸಿಕ್ಕಿಸಿ, ಅದನ್ನು ಪ್ಲಾಸ್ಟಿಕ್ ಬಾಟಲಿಯ ಬಾಯಿಗೆ ಬಟ್ಟೆ ಸುತ್ತಿ ಬಿಗಿದಿದ್ದರು, ಮನೆ ಮುಂದೆ ಎಣ್ಣೆ ಹನಿ ಬೀಳಬಾರದು ಅಂತ. ಹನಿ ನಿಂತಿತು, ಉಸಿರೂ ನಿಂತಿತು. ಯಾರು ಮಾಡಿದ್ದು ಅಂತ ಕೇಳಿದೆ. ಮಾಮಾ ಆಕಾಶ ನೋಡಿದ.

ಜಾಲರಿ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ, ಮತ್ತೊಂದು ದಿನ ಡೀಸೆಲ್‌ನಲ್ಲಿ ನೆನೆಸಿಟ್ಟು ಬ್ರಷ್ ಹೊಡೆದೆ. ಪೈಪು ಹೊಸದು ಹಾಕಿದ್ವಿ, ಎಣ್ಣೆ ತಡೆಯುವ ಜಾತಿಯದ್ದೇ ಬೇಕು, ನೀರಿನ ಪೈಪು ಹಾಕಿದರೆ ಆರು ತಿಂಗಳಲ್ಲಿ ಉಬ್ಬಿ ಮೆತ್ತಗಾಗ್ತದೆ. ಬಾಟಲಿ ಕಿತ್ತೆಸೆದೆ. ಮತ್ತೆ ಕುಂಕುಮದ ನೀರು: ಆಕ್ಸಿಲರೇಟರ್ ಎಷ್ಟು ಒತ್ತಿದರೂ ಒಂದು ಬೆರಳು ದಾಟಲಿಲ್ಲ. ಕೈಯಿಂದ ಖರ್ಚಾದದ್ದು ಪೈಪು, ಸೀಮೆಎಣ್ಣೆ, ಒಂದು ಗ್ಯಾಸ್ಕೆಟ್.

ಇಲ್ಲಿಗೇ ಬಿಡಬಹುದಿತ್ತು. ಆದರೆ ನಿಂತಾಗ ಹೊಗೆ ಇನ್ನೂ ಬರ್ತಿತ್ತು, ಈಗ ಒಳಗೆ ತಡೆದುಕೊಳ್ಳದೆ ಕೊಳವೆಯಿಂದ ನೇರ ಕೆಳಗೆ. ಅದೂ ಅಲ್ಲದೆ ಈ ಹೊಗೆ ಸುಮ್ಮನೆ ಗಾಳಿಗೆ ಬಿಡೋದು ತಪ್ಪು ಅಂತ ಜಗತ್ತು ಅರವತ್ತು ವರ್ಷದ ಹಿಂದೆಯೇ ತೀರ್ಮಾನ ಮಾಡಿದೆ. ಲಾಸ್ ಏಂಜಲೀಸಿನ ಹೊಗೆಮಂಜು ಕಾರುಗಳ ಹೈಡ್ರೋಕಾರ್ಬನ್ನಿನಿಂದ ಆಗ್ತದೆ ಅಂತ 1950ರ ದಶಕದ ಮೊದಲಲ್ಲಿ ಕ್ಯಾಲ್‌ಟೆಕ್‌ನ ಹಾಗೆನ್-ಸ್ಮಿಟ್ ತೋರಿಸಿಕೊಟ್ಟರು. ನಿಯಂತ್ರಣವೇ ಇಲ್ಲದ ಕಾರಿನ ಹೈಡ್ರೋಕಾರ್ಬನ್ನಿನಲ್ಲಿ ಸುಮಾರು ಐದನೇ ಒಂದು ಪಾಲು ಕ್ರ್ಯಾಂಕ್‌ಕೇಸಿನದ್ದೇ. ಅದಕ್ಕೇ ಕ್ಯಾಲಿಫೋರ್ನಿಯಾ ಕಾರುಗಳ ಮೇಲೆ ಹಾಕಿದ ಮೊಟ್ಟಮೊದಲ ಕಟ್ಟುಪಾಡು ಸೈಲೆನ್ಸರಿಗೆ ಅಲ್ಲ, ಈ ಉಸಿರಿನ ಕೊಳವೆಗೆ, 1961ರಲ್ಲಿ. ಹೊಗೆಯನ್ನು ಹೊರಗೆ ಬಿಡಬೇಡಿ, ಎಂಜಿನ್ನಿಗೇ ವಾಪಸ್ ಕುಡಿಸಿ ಉರಿಸಿ. ಇದೇ ಪಿಸಿವಿ, ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್.

ಎಂಜಿಬಿಯಲ್ಲಿ ಇದು 1964ರಲ್ಲಿ ಬಂತು. ಮೊದಲು ಸ್ಮಿತ್ಸ್ ಕಂಪನಿಯ ಅಣಬೆಯಂಥ ಒಂದು ವಾಲ್ವ್, ಒಳಗೆ ರಬ್ಬರ್ ಪೊರೆ. ಆ ಪೊರೆ ಹರಿದರೆ ಎಂಜಿನ್ ಎಣ್ಣೆಯನ್ನೇ ಕುಡಿದು ನೀಲಿ ಹೊಗೆ ಬಿಡ್ತಿತ್ತು. ಆಮೇಲೆ ಅವರು ವಾಲ್ವನ್ನೇ ಕಿತ್ತುಹಾಕಿ, ಪೈಪನ್ನು ಎಸ್‌ಯು ಕಾರ್ಬೊರೇಟರಿನ ಬದಿಗೆ, ಪಿಸ್ಟನ್‌ಗೂ ಥ್ರಾಟಲ್‌ಗೂ ನಡುವೆ ಜೋಡಿಸಿದರು. ಎಸ್‌ಯು ಕಾರ್ಬೊರೇಟರಿನಲ್ಲಿ ಆ ಜಾಗದ ಎಳೆತ ಯಾವಾಗಲೂ ಹೆಚ್ಚುಕಮ್ಮಿ ಒಂದೇ ಸಮ, ಸ್ವಲ್ಪವೇ ಇರ್ತದೆ. ವಾಲ್ವ್ ಬೇಕಾಗೇ ಇಲ್ಲ! ಇದು ಓದಿದಾಗ ಆ ಡಿಸೈನ್ ಮಾಡಿದವರಿಗೆ ಒಂದು ಚಹಾ ಕುಡಿಸಬೇಕು ಅನ್ನಿಸ್ತು.

ನಾನು ಮಾಡಿದ್ದು ಅಷ್ಟು ಜಾಣ ಕೆಲಸ ಅಲ್ಲ. ಟ್ಯಾಪೆಟ್ ಕವರಿಂದ ಒಂದು ಪೈಪು ತಗೊಂಡು ನೇರ ಇಂಟೇಕ್ ಮ್ಯಾನಿಫೋಲ್ಡಿಗೆ ಸಿಕ್ಕಿಸಿದೆ. ಎಳೆತ ಬೇಕು, ಅಲ್ಲಿ ಎಳೆತ ಇದೆ, ಮುಗೀತಲ್ಲ? ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಕುಂಟೋಕೆ ಶುರು, ಹಿಂದೆ ನೀಲಿ ಹೊಗೆ, ನನ್ನ ಮ್ಯಾನೋಮೀಟರಿನ ಕುಂಕುಮದ ನೀರು ಪೂರ್ತಿ ಎಂಜಿನ್ ಒಳಗೆ ಮಾಯ. ಉಸ್ತಾದರು ಓಡಿ ಬಂದು ಕೀ ತಿರುಗಿಸಿದರು. ಲೆಕ್ಕ ಮಾಡದೆ ಕೈ ಹಾಕಿದ್ದಕ್ಕೆ ಸಿಕ್ಕ ಫಲ. ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡ್ ಎಳೆತ ಸುಮಾರು 60 ಕಿಲೋಪಾಸ್ಕಲ್, ನೀರಿನ ಲೆಕ್ಕದಲ್ಲಿ ಆರು ಮೀಟರ್. ಕ್ರ್ಯಾಂಕ್‌ಕೇಸಿಗೆ ಬೇಕಾದ್ದು ಒಂದು ಬೆರಳು. ಬಾಯಾರಿದವನಿಗೆ ಭೀಮಾ ಹೊಳೆಯನ್ನೇ ತಿರುಗಿಸಿದ ಹಾಗಾಯ್ತು. ಆ ದಿನ ಎಂಜಿನ್ ಎಣ್ಣೆ ಪೂರ್ತಿ ಬದಲಿಸಿದ್ದು ನನ್ನ ಪಾಕೆಟ್ ಮನಿಯಲ್ಲಿ.

ಈ ಭಾರೀ ಎಳೆತವನ್ನು ಪಳಗಿಸೋದೇ ಪಿಸಿವಿ ವಾಲ್ವಿನ ಕೆಲಸ. ಹೆಬ್ಬೆರಳಿನಷ್ಟು ಸಾಮಾನು, ಒಳಗೆ ಒಂದು ಸಣ್ಣ ಮೊಳೆಯಂಥ ಪ್ಲಂಜರ್, ಒಂದು ಸ್ಪ್ರಿಂಗ್. ಐಡ್ಲಿಂಗಿನಲ್ಲಿ ಎಳೆತ ಜೋರು, ಪ್ಲಂಜರ್ ಎಳೆದುಕೊಂಡು ಹೋಗಿ ದಾರಿಯನ್ನು ಸಣ್ಣದು ಮಾಡ್ತದೆ. ಆಗ ಬ್ಲೋ-ಬೈ ಕೂಡ ಕಡಿಮೆ ಇರೋದರಿಂದ ಅಷ್ಟು ಸಾಕು. ರಸ್ತೆಯಲ್ಲಿ ಹದವಾಗಿ ಓಡುವಾಗ ಎಳೆತ ಕಡಿಮೆ, ಸ್ಪ್ರಿಂಗ್ ಪ್ಲಂಜರನ್ನು ಹಿಂದೆ ತಳ್ತದೆ, ದಾರಿ ದೊಡ್ಡದಾಗ್ತದೆ. ಕಾರ್ಬೊರೇಟರಿನಿಂದ ಬ್ಯಾಕ್‌ಫೈರ್ ಆದರೆ ಪ್ಲಂಜರ್ ಉಲ್ಟಾ ಬಡಿದು ಬಾಗಿಲು ಹಾಕ್ತದೆ, ಬೆಂಕಿ ಕ್ರ್ಯಾಂಕ್‌ಕೇಸಿಗೆ ಇಳಿಯೋದಿಲ್ಲ. ಒಂದು ಮೊಳೆ, ಒಂದು ಸ್ಪ್ರಿಂಗ್, ಮೂರು ಕೆಲಸ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಟಕಟಕ ಅನ್ನಬೇಕು; ಅನ್ನದಿದ್ದರೆ ಒಳಗೆ ಗಸಿ ಕಟ್ಟಿದೆ ಅಂತ ಅರ್ಥ.

ಹೆಚ್ಚುಕಮ್ಮಿ ಇಷ್ಟೇ ಸಿಸಿಯ ಪೆಟ್ರೋಲ್ ಕಾರಿನ ವಾಲ್ವ್ ಗುಜರಿಯಲ್ಲಿ ಸಿಕ್ತು. ಜೋಡಿಸೋದು ಎಲ್ಲಿ ಅನ್ನೋದು ಮುಂದಿನ ಪ್ರಶ್ನೆ. ಬಿ-ಸೀರೀಸ್ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರಿಗೆ ಇಂಟೇಕ್ ದಾರಿ ಎರಡೇ. ಒಂದು-ಎರಡಕ್ಕೆ ಒಂದು, ಮೂರು-ನಾಲ್ಕಕ್ಕೆ ಒಂದು. ಮ್ಯಾನಿಫೋಲ್ಡಿನ ಒಂದು ಕೈಗೆ ಪೈಪು ಕೊಟ್ಟರೆ ಆ ಕಡೆಯ ಎರಡು ಸಿಲಿಂಡರಿಗೆ ಮಾತ್ರ ಹೆಚ್ಚಿನ ಗಾಳಿ ಹೋಗಿ ಮಿಶ್ರಣ ತೆಳುವಾಗ್ತದೆ. ನನ್ನ ಮೊದಲ ಸಾಹಸದಲ್ಲಿ ಎಂಜಿನ್ ಕುಂಟಿದ್ದಕ್ಕೆ ಇದೂ ಒಂದು ಕಾರಣ. ಹಾಗಾಗಿ ನಡುವೆ, ಕಾರ್ಬೊರೇಟರಿನ ಬುಡದಲ್ಲೇ ಕೊಡಬೇಕು. ಉಸ್ತಾದರ ಭಾವ ಜೇವರ್ಗಿಯಲ್ಲಿ ಲೇತ್ ಇಟ್ಟಿದ್ದಾರೆ. ಎರಡು ಬಸ್ ಬದಲಿಸಿ, ಕಟ್ಟಿಸಂಗಾವಿ ಸೇತುವೆ ದಾಟಿ ಹೋಗಿ, ಅಲ್ಯೂಮಿನಿಯಮ್ಮಿನ ಒಂದು ಸ್ಪೇಸರ್ ಬಿಲ್ಲೆ ಮಾಡಿಸ್ಕೊಂಡು ಬಂದೆ, ಬದಿಯಲ್ಲಿ ಪೈಪಿಗೊಂದು ಮೂತಿ. ನಾನು ಕೊಟ್ಟ ಡ್ರಾಯಿಂಗಿನಲ್ಲಿ ಟಾಲರೆನ್ಸ್ ಎಲ್ಲಾ ಬರೆದಿದ್ದೆ. ಅವರು ಅದನ್ನು ಒಂದು ನಿಮಿಷ ನೋಡಿ, ಮಡಚಿಟ್ಟು, "ಗ್ಯಾಸ್ಕೆಟ್ ತಂದಿ ಏನಪ್ಪ?" ಅಂದರು. ಗ್ಯಾಸ್ಕೆಟ್ ಇಟ್ಟು ಗೆರೆ ಹೊಡೆದರು. ಸರಿಯಾಗಿ ಕೂತಿತು.

ಮಧ್ಯೆ ಇನ್ನೊಂದು ಡಬ್ಬಿ ಬೇಕು. ಕ್ರ್ಯಾಂಕ್‌ಕೇಸಿನ ಗಾಳಿಯಲ್ಲಿ ಎಣ್ಣೆಯ ಸಣ್ಣ ಹನಿ ತೇಲ್ತಿರ್ತವೆ, ಅವು ಇಂಟೇಕಿಗೆ ಹೋಗಬಾರದು. ಎಂಜಿಬಿಯಲ್ಲಿ ಟ್ಯಾಪೆಟ್ ಮುಚ್ಚಳದ ಮೇಲೆಯೇ ಅದಕ್ಕೊಂದು ಡಬ್ಬಿ ಇರ್ತದೆ. ನಾನು ಅತ್ತಿಯ ಒಂದು ಸ್ಟೀಲ್ ಡಬ್ಬಿ ತಗೊಂಡೆ, ಕೇಳಿಯೇ ತಗೊಂಡೆ. ಗಾಳಿ ಕಿರಿದಾದ ಪೈಪಿಂದ ಅಗಲ ಡಬ್ಬಿಗೆ ಬಂದಾಗ ವೇಗ ಕಡಿಮೆಯಾಗಿ ಹನಿಗಳು ಕೆಳಗೆ ಬೀಳ್ತವೆ. ಉಳಿದವು ಒಳಗೆ ಇಟ್ಟ ತಂತಿಗೆ ಅಂಟ್ತವೆ. ಒಳಬರುವ ಪೈಪು ಬದಿಯಿಂದ, ಹೊರಹೋಗೋದು ಮೇಲಿಂದ. ಪಾತ್ರೆ ತಿಕ್ಕುವ ಸ್ಟೀಲ್ ನಾರು ತುಂಬಬಹುದು, ಆದರೆ ದಪ್ಪ ಸುರುಳಿಯದ್ದು, ಮೇಲೆ ಜಾಲರಿ ಬಿಗಿದು. ಒಂದು ಎಳೆ ಕಿತ್ತು ಎಂಜಿನ್ನಿಗೆ ಹೋದರೆ ಬೋರ್ ಮಾಡಿಸೋ ಖರ್ಚು ಖಂಡಿತ.

ಕೊನೆಗೆ ದಾರಿ ಹೀಗಾಯ್ತು: ಏರ್ ಕ್ಲೀನರಿನಿಂದ ಸೋಸಿದ ಗಾಳಿ ಮೇಲಿನ ಪೈಪಿಂದ ರಾಕರ್ ಕವರಿಗೆ, ಅಲ್ಲಿಂದ ಪುಶ್‌ರಾಡ್ ಸಂದಿನಿಂದ ಕೆಳಗೆ, ಟ್ಯಾಪೆಟ್ ಮುಚ್ಚಳದಿಂದ ಹೊರಗೆ, ಡಬ್ಬಿ, ವಾಲ್ವ್, ಕಾರ್ಬೊರೇಟರ್ ಬುಡ, ಸಿಲಿಂಡರ್. ನಮ್ಮ ಕಡೆ ಮನೆ ಕಟ್ಟುವಾಗ ಎದುರುಬದುರು ಕಿಟಕಿ ಇಡ್ತಾರಲ್ಲ, ಅದೇ ಉಪಾಯ. ಗ್ಯಾಸ್ ಹೊರಗೆ ಹಾಕಿದರೆ ಸಾಲದು, ಒಳಗೆಲ್ಲಾ ಗಾಳಿ ಹರಿದಾಡಿ ನೀರಿನ ಆವಿ, ಪೆಟ್ರೋಲ್ ಆವಿ ಕೂಡ ಗುಡಿಸಿಕೊಂಡು ಹೋಗಬೇಕು. ಹಳೆ ರಸ್ತೆ ಕೊಳವೆಗೆ ಬಿರಡೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮ್ಯಾನಿಫೋಲ್ಡಿನಲ್ಲಿ ಎಳೆತ ಇರೋದಿಲ್ಲ, ಆಗ ಹೆಚ್ಚಾದ ಗ್ಯಾಸು ಮೇಲಿನ ಪೈಪಿಂದ ಉಲ್ಟಾ ಏರ್ ಕ್ಲೀನರಿಗೆ ಹೋಗಿ ಅಲ್ಲಿಂದ ಎಂಜಿನ್ನಿಗೇ ಸೇರ್ತದೆ. ಹೊರಗಂತೂ ಬರೋದಿಲ್ಲ.

ಒಳಬರುವ ಗಾಳಿ ಸೋಸಿರಲೇಬೇಕು, ಇದನ್ನ ಇಂಗ್ಲೆಂಡಿನವರು ಅಷ್ಟು ಒತ್ತಿ ಹೇಳೋದಿಲ್ಲ, ನಮ್ಮಲ್ಲಿ ಒತ್ತಿ ಹೇಳಬೇಕು. ತೊಗರಿ ರಾಶಿ ಕಾಲದಲ್ಲಿ ಆಳಂದ–ಅಫಜಲಪುರ ಕಡೆಯ ಹೊಲದ ರಸ್ತೆಯಲ್ಲಿ ಹೋಗಿ ನೋಡಿ, ಎರಿ ಮಣ್ಣಿನ ಧೂಳು ಹಲ್ಲಿನಲ್ಲೂ ಸಿಗ್ತದೆ. ಅದು ಎಣ್ಣೆಗೆ ಸೇರಿದರೆ ಬೇರಿಂಗಿಗೆ ಉಪ್ಪುಕಾಗದ. ಎಳೆತ ಜಾಸ್ತಿಯಾದರೂ ಇದೇ ಅಪಾಯ: ಹಿಂದಿನ ಸುರುಳಿ ಸಂದಿನಿಂದ ಕ್ಲಚ್ ಧೂಳು ಒಳಗೆ ಬರ್ತದೆ. ಹೊಸ ವ್ಯವಸ್ಥೆಯಲ್ಲಿ ಐಡ್ಲಿಂಗಿಗೆ ನೀರು ಎಂಜಿನ್ ಕಡೆ ಒಂದು ಬೆರಳು ಏರಿ ನಿಂತಿತು, ಜೋರು ಮಾಡಿದಾಗ ಎರಡೂ ಕಡೆ ಸಮ. ಇದಕ್ಕಿಂತ ಜಾಸ್ತಿ ನನಗೆ ಬೇಕಿರಲಿಲ್ಲ. ಮ್ಯಾನೋಮೀಟರ್ ಇಲ್ಲದಿದ್ದರೆ ಎಣ್ಣೆ ಮುಚ್ಚಳ ತೆಗೆದು ತೂತಿನ ಮೇಲೆ ಒಂದು ಕಾಗದ ಇಡಿ, ಮೆಲ್ಲಗೆ ಅಂಟಿಕೊಂಡರೆ ಸರಿ, ಹಾರಿದರೆ ಇಲ್ಲ. ವಾಲ್ವಿನಿಂದ ಹೆಚ್ಚಿನ ಗಾಳಿ ಬರೋದರಿಂದ ಕಾರ್ಬೊರೇಟರಿನ ಐಡ್ಲಿಂಗ್ ಮತ್ತು ಮಿಶ್ರಣ ಮತ್ತೆ ಟ್ಯೂನ್ ಮಾಡಬೇಕು, ಅದನ್ನು ಉಸ್ತಾದರೇ ಕಿವಿಯಿಂದ ಮಾಡಿದರು.

ಇದನ್ನ ಓದಿ ಯಾರಾದ್ರೂ ಮನೆಯ ಟ್ರ್ಯಾಕ್ಟರಿಗೋ ಹೊಳೆ ದಂಡೆಯ ಡೀಸೆಲ್ ಪಂಪಿಗೋ ಇದೇ ಮಾಡೋಕೆ ಹೋಗಬೇಡಿ. ಡೀಸೆಲ್ಲಿಗೆ ಥ್ರಾಟಲ್ ಇಲ್ಲ, ಮ್ಯಾನಿಫೋಲ್ಡಿನಲ್ಲಿ ಈ ಎಳೆತವೇ ಇರೋದಿಲ್ಲ. ಮೇಲಾಗಿ ಎಣ್ಣೆ ಇಂಟೇಕಿಗೆ ಹೋದರೆ ಡೀಸೆಲ್ ಎಂಜಿನ್ ಅದನ್ನೇ ಇಂಧನ ಮಾಡಿಕೊಂಡು, ಬಂದ್ ಮಾಡಿದರೂ ನಿಲ್ಲದೆ ಓಡ್ತದೆ, ಒಡೆಯುವವರೆಗೆ. ಹಾಸ್ಟೆಲ್ಲಿನ ಬುಲೆಟ್ ಅಣ್ಣಂದಿರ ಲೆಕ್ಕ ಕೂಡ ಬೇರೆ. ನಾಲ್ಕು ಸಿಲಿಂಡರಿನಲ್ಲಿ ಎರಡು ಪಿಸ್ಟನ್ ಏರಿದರೆ ಎರಡು ಇಳೀತವೆ, ಕೆಳಗಿನ ಕೋಣೆಯ ಒಟ್ಟು ಜಾಗ ಹೆಚ್ಚುಕಮ್ಮಿ ಬದಲಾಗೋದಿಲ್ಲ. ಹಳೆ ಬುಲೆಟ್ಟಿನಲ್ಲಿ ಒಂದೇ ಪಿಸ್ಟನ್, ಪ್ರತಿ ಸಲ ಇಳಿದಾಗ 346 ಸಿಸಿ ಗಾಳಿ ತಳ್ತದೆ. ಅದಕ್ಕೆ ಒಂದೇ ಕಡೆ ತೆರೆಯುವ ಬಾತುಕೋಳಿ ಮೂತಿಯಂಥ ರಬ್ಬರ್ ಕೊಟ್ಟಿದ್ದಾರೆ. ಅದರ ಬಗ್ಗೆ ಬುಲೆಟ್ ಇದ್ದವರೇ ಬರೀಲಿ.

ಗಾಡಿ ಏನಾಯ್ತು ಅಂದ್ರೆ: ಕ್ಲಚ್ ಪ್ಲೇಟ್ ಹೊಸದೇ ಹಾಕಬೇಕಾಯ್ತು, ಎಣ್ಣೆ ಕುಡಿದ ಪ್ಲೇಟ್ ಏನು ಮಾಡಿದರೂ ಸರಿಯಾಗೋದಿಲ್ಲ. ನೆಲದ ಮೇಲಿನ ಎಣ್ಣೆ ತಟ್ಟೆಯಿಂದ ಎರಡು ರೂಪಾಯಿ ನಾಣ್ಯಕ್ಕೆ ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ನಿಂತ ಎಂಜಿನ್ನಲ್ಲಿ ಸುರುಳಿ ತಿರುಗೋದಿಲ್ಲವಲ್ಲ, ಇಳಿಜಾರಿನಲ್ಲಿ ನಿಲ್ಲಿಸಿದರೆ ಹನಿ ಬೀಳ್ತದೆ. ಉಸ್ತಾದರು ಕಂಪ್ರೆಷನ್ ಗೇಜ್ ಹಚ್ಚಿ ತೋರಿಸಿದರು, ಮೂರನೇ ಸಿಲಿಂಡರ್ ಉಳಿದ ಮೂರಕ್ಕಿಂತ ಸಾಕಷ್ಟು ಕಡಿಮೆ. "ನಾ ಹೇಳಿದ್ದೂ ಸುಳ್ಳಲ್ಲ ನೋಡಪ್ಪ," ಅಂದರು. ಸುಳ್ಳಲ್ಲ. ಬೋರ್ ಕೆಲಸ ಇವತ್ತಲ್ಲ ನಾಳೆ ಬರೋದೇ. ಉಸಿರಿನ ದಾರಿ ಸರಿ ಮಾಡಿದರೆ ಸವೆದ ರಿಂಗ್ ಹೊಸದಾಗೋದಿಲ್ಲ, ಅದು ನನಗೂ ಗೊತ್ತು. ಆದರೆ ಆ ಖರ್ಚಿಗೆ ಮಾಮಾನಿಗೆ ಈಗ ಒಂದೆರಡು ಸುಗ್ಗಿ ಸಮಯ ಸಿಕ್ಕಿದೆ. ಹೊಗೆ ಪರೀಕ್ಷೆ ಪಾಸಾಯ್ತು, ರಿಜಿಸ್ಟ್ರೇಷನ್ ಆಯ್ತು.

ಡಿಸೆಂಬರಿನ ದತ್ತ ಜಯಂತಿಗೆ ಮತ್ತೆ ಗಾಣಗಾಪುರಕ್ಕೆ ಹೋದ್ವಿ. ಅದೇ ಸಾಲು, ಅರ್ಧ ಗಂಟೆ ನಿಂತ್ವಿ. ಅತ್ತಿ ಸೆರಗು ಮೂಗಿಗೆ ಹಿಡೀಲಿಲ್ಲ, ತಮ್ಮ ಡಬ್ಬಿ ಯಾವಾಗ ವಾಪಸ್ ಕೊಡ್ತಿ ಅಂತ ಮಾತ್ರ ಕೇಳಿದರು. ಮುತ್ಯಾ ಮುಂದಿನ ಸೀಟಿನಲ್ಲಿ ಕಿಟಕಿಗೆ ಮೊಳಕೈ ಹಚ್ಚಿ ಕೂತಿದ್ದರು.

ಡಬ್ಬಿ ತಿಂಗಳಿಗೊಮ್ಮೆ ಖಾಲಿ ಮಾಡಬೇಕು. ಮಾಮಾ ಪ್ರತಿ ಸಲ ಚಮಚದಲ್ಲಿ ಅಳೆದು ನನಗೆ ಫೋನ್ ಮಾಡ್ತಾನೆ. ಮೊದಲ ತಿಂಗಳು ಎರಡು ಚಮಚ ಇತ್ತು. ಹೋದ ವಾರ ಫೋನ್ ಬಂದಾಗ ಮೂರಾಗಿತ್ತು. ನನ್ನ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೀನಿ.